ಯಾರ ಜೊತೆ ಕುಣಿಯುವುದು?

ಸಮಕಾಲೀನ ನೃತ್ಯಶಿಕ್ಷಣದ ಚರಿತ್ರೆ ಓದುವಾಗ ನಾನು ಮತ್ತೆ ಮತ್ತೆ ಮರಳುವುದು ಜರ್ಮನಿಯ ಎಸೆನ್ ನಗರದ ಫೋಕ್‌ವಾಂಗ್ ಶಾಲೆಗೆ. 1927ರಲ್ಲಿ ಆರಂಭವಾದ ಅಲ್ಲಿ ಸಂಗೀತ, ನೃತ್ಯ, ಮಾತು ಒಂದೇ ಸೂರಿನಡಿ ಇದ್ದವು. ಸ್ಥಾಪಕರಲ್ಲೊಬ್ಬರಾದ ಕುರ್ಟ್ ಯೋಸ್ ಬ್ಯಾಲೆಯ ಶಿಸ್ತನ್ನು ಹೊಸ ನೃತ್ಯದ ಜೊತೆ ಬೆಸೆದರು. ಅವರ ಯುದ್ಧವಿರೋಧಿ ಕೃತಿ ‘ಹಸಿರು ಮೇಜು’ 1932ರಲ್ಲಿ ಪ್ಯಾರಿಸ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು. ಅದಕ್ಕೆ ಸಂಗೀತ ಕೊಟ್ಟ ಫ್ರಿಟ್ಜ್ ಕೋಹೆನ್ ಯಹೂದಿ.

ಮರುವರ್ಷ ಯಹೂದಿ ಕಲಾವಿದರನ್ನು ಕೈಬಿಡಿ ಎಂದರು ನಾಜಿಗಳು. ಯೋಸ್ ಒಪ್ಪಲಿಲ್ಲ, ತಂಡದೊಂದಿಗೆ ದೇಶವನ್ನೇ ಬಿಟ್ಟರು. ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಪಾಠ ಮುಂದುವರಿಯಿತು. 1949ರಲ್ಲಿ ಅವರು ಎಸೆನ್‌ಗೆ ಮರಳಿದರು. 1955ರಲ್ಲಿ ಅಲ್ಲಿ ಕಲಿಯಲು ಬಂದ ಹದಿಹರೆಯದ ಹುಡುಗಿಯೇ ಪೀನಾ ಬೌಶ್.

ವೃತ್ತಿಶಿಕ್ಷಣವೆಂದರೆ ಬರೀ ತಂತ್ರ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಯಾರ ಜೊತೆ ಕುಣಿಯುತ್ತೇವೆ ಎಂಬುದೂ ಯೋಸ್ ಕಲಿಸಿದ ಪಾಠವೇ.