ಕಾದಂಬರಿಯೂ ಓದುಗರ ಅಭಿಪ್ರಾಯವೂ

ಇಬ್ಬರು ಸ್ನೇಹಿತರು ಬಹುದಿನಗಳ ಮೇಲೆ ಸಂಧಿಸಿದರೆ, ಮನೆಮಂದಿಯ ಕ್ಷೇಮಸಮಾಚಾರವೆಲ್ಲ ಮುಗಿದ ಬಳಿಕ, “ಈಗ ಯಾವ ಪುಸ್ತಕವನ್ನು ಓದುತ್ತಿದ್ದೀರಿ?” ಎಂಬ ಪ್ರಶ್ನೆ ಬರುವುದುಂಟು. ಪುಸ್ತಕದ ಹೆಸರನ್ನು ಹೇಳಿದರೆ ಸಾಲದು, “ಹೇಗಿದೆ?” ಎಂಬ ಎರಡನೆಯ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಅಷ್ಟು ಸುಲಭವಲ್ಲ. ಅದರಲ್ಲಿಯೂ ಕೈಯಲ್ಲಿರುವುದು ಕಾದಂಬರಿಯಾದರೆ, ನಮ್ಮಲ್ಲಿ ಅನೇಕರು ತುಸು ಸಂಕೋಚದಿಂದಲೇ ಮಾತನ್ನು ಆರಂಭಿಸುತ್ತಾರೆ. ಈ ಸಂಕೋಚ ಎಲ್ಲಿಂದ ಬಂದಿತು, ಓದಿದುದನ್ನು ಕುರಿತು ಮಾತನಾಡುವ ಪದ್ಧತಿ ಕನ್ನಡನಾಡಿನಲ್ಲಿ ಹೇಗೆ ಬೆಳೆದುಬಂದಿತು, ಆ ಮಾತಿನಲ್ಲಿ ಯಾರ ದನಿ ಕೇಳಿಸಿತು, ಯಾರ ದನಿ ಕೇಳಿಸದೆ ಹೋಯಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ನಮ್ಮ ಹಿಂದಿನವರಿಗೆ ಕಾವ್ಯವೆಂಬುದು ಬಹುಮಟ್ಟಿಗೆ ಕೇಳುವ ವಸ್ತುವಾಗಿದ್ದಿತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಸಾವಿರ ಓಲೆಯ ಕಟ್ಟುಗಳು ಸಾವಿರ ಮಂದಿಗೆ ಮಾತ್ರ ಎಂದು ಭಾವಿಸಬಾರದು. ಒಬ್ಬನು ಓದಿದರೆ ಹಲವರು ಕೇಳುವುದು ಅಂದಿನ ರೂಢಿ. ಮುಂದೆ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಊರೂರಿನ ದೇವಸ್ಥಾನಗಳಲ್ಲಿಯೂ ಮನೆಗಳ ಜಗಲಿಯ ಮೇಲೂ ಗಮಕಿಗಳ ಬಾಯಲ್ಲಿ ಬಾಳಿದುವು. ಒಬ್ಬನು ರಾಗವಾಗಿ ಪದ್ಯವನ್ನು ಓದುವನು, ಇನ್ನೊಬ್ಬನು ಅರ್ಥ ಹೇಳುವನು, ಸುತ್ತ ಕುಳಿತವರಲ್ಲಿ ಒಬ್ಬರು “ಕರ್ಣನು ಹಾಗೆ ಮಾಡಬಾರದಾಗಿತ್ತು” ಎಂದರೆ ಮತ್ತೊಬ್ಬರು “ಅವನು ಬೇರೇನು ತಾನೆ ಮಾಡಬಲ್ಲ?” ಎನ್ನುವರು. ಸೀತಾಪರಿತ್ಯಾಗದ ಭಾಗ ಬಂದಾಗ ಒಳಬಾಗಿಲಿನ ಹಿಂದೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುವರು. ಅದೂ ಒಂದು ಅಭಿಪ್ರಾಯವೇ. ಕಥೆಯನ್ನು ಕೇಳುವುದೂ ಅದನ್ನು ಕುರಿತು ಮಾತನಾಡುವುದೂ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಲ್ಲಿ ನಡೆಯುತ್ತಿದ್ದುವು. ಕ್ರಮವಾಗಿ ಓದು ಕಲಿಯದಿದ್ದರೂ ಕಾವ್ಯದ ಮರ್ಮವನ್ನು ಬಲ್ಲ ಜನರಿವರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡಿಗರನ್ನು ಹೊಗಳಿರುವುದಕ್ಕೆ ಇಂಥ ಕೂಟಗಳೇ ಆಧಾರವಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಈ ಕೇಳುಗರ ದನಿಯನ್ನು ಗ್ರಂಥದೊಳಕ್ಕೇ ತಂದು ಕೂರಿಸಿದ ಕೀರ್ತಿ ಮುದ್ದಣನಿಗೆ ಸಲ್ಲಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ೧೮೭೦ರಲ್ಲಿ ಹುಟ್ಟಿ ೧೯೦೧ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿಯೇ, ಕ್ಷಯರೋಗದಿಂದ ತೀರಿಕೊಂಡರು. ಅವರ ರಾಮಾಶ್ವಮೇಧದಲ್ಲಿ ಕಥೆ ಹೇಳುವವನು ಮುದ್ದಣ, ಕೇಳುವವಳು ಅವನ ಮಡದಿ ಮನೋರಮೆ. ಈಕೆ ಸುಮ್ಮನೆ ಕೇಳಿ ತಲೆದೂಗುವವಳಲ್ಲ. ಯಾವ ಕಥೆ ಬೇಕೆಂಬುದನ್ನು ಆರಿಸುವವಳು ಅವಳು. ಪದ್ಯ ಬೇಡ, ಗದ್ಯವೇ ಇರಲಿ ಎನ್ನುವವಳು ಅವಳು. ಸಂಸ್ಕೃತದ ಭಾರ ಹೆಚ್ಚಾದಾಗ ತಡೆದು, ತಿರುಳ್ಗನ್ನಡದಲ್ಲಿ ಹೇಳಬಾರದೆ ಎಂದು ಗಂಡನನ್ನು ಛೇಡಿಸುವವಳೂ ಅವಳೇ. ಪಂಡಿತರು ಇದನ್ನು ಸರಸ ಸಲ್ಲಾಪವೆಂದು ಮೆಚ್ಚಿಕೊಂಡಿದ್ದಾರೆ. ಸರಸವೇನೋ ಹೌದು, ಆದರೆ ಅದರ ಜೊತೆಗೆ ಮತ್ತೊಂದು ವಿಷಯವನ್ನೂ ನಾವು ಗಮನಿಸಬೇಕು. ಹೊಸಗನ್ನಡ ಗದ್ಯದ ಬಾಗಿಲಿನಲ್ಲಿಯೇ ಒಬ್ಬ ಹೆಂಗಸು ನಿಂತು, ತನಗೆ ಯಾವುದು ರುಚಿಸುತ್ತದೆ, ಯಾವುದು ರುಚಿಸುವುದಿಲ್ಲವೆಂಬುದನ್ನು ಅಳುಕಿಲ್ಲದೆ ಹೇಳುತ್ತಿದ್ದಾಳೆ. ಆದರೆ ಅವಳು ಕವಿಯು ಕಲ್ಪಿಸಿದ ಹೆಂಗಸು. ನಿಜವಾದ ಮನೋರಮೆಯರ ಗತಿಯೇನಾಯಿತೆಂಬುದನ್ನು ಮುಂದೆ ನೋಡೋಣ.

ಮುದ್ದಣನ ಕಾಲಕ್ಕೇ ಅಚ್ಚಿನ ಕಾದಂಬರಿಯೂ ನಮ್ಮ ನಾಡಿಗೆ ಬಂದಿದ್ದಿತು. ಬಾಣಭಟ್ಟನ ನಾಯಿಕೆಯ ಹೆಸರು ಒಂದು ಸಾಹಿತ್ಯಪ್ರಕಾರದ ಹೆಸರೇ ಆಗಿಹೋದುದು ಕನ್ನಡ ಮರಾಠಿಗಳಲ್ಲಿ ನಡೆದ ಒಂದು ವಿಚಿತ್ರ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ನ್ಯಾಯಾಂಗದ ಕೆಲಸದಲ್ಲಿದ್ದುಕೊಂಡೇ ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರ ದುರ್ಗೇಶನಂದಿನಿ ಮೊದಲಾದುವನ್ನು ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಪ್ರಕಟವಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಇದನ್ನು ಗಣಿಸುವುದು ವಾಡಿಕೆ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಹುಡುಗಿ ಮನೆಯನ್ನು ಬಿಟ್ಟು ಹೊರಟು, ವಿದ್ಯೆ ಕಲಿತು, ಮರುಮದುವೆಯಾಗುವುದು ಅದರ ಕಥಾವಸ್ತು. ಇಂಥ ಕಥೆಯನ್ನು ಜಗಲಿಯ ಮೇಲೆ ಹತ್ತು ಜನರ ನಡುವೆ ಗಟ್ಟಿಯಾಗಿ ಓದುವುದು ಆ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಸಾಧ್ಯವಿದ್ದೀತು? ಅದನ್ನು ಒಬ್ಬರೇ ಓದಬೇಕಾಗಿದ್ದಿತು, ಮೌನವಾಗಿ ಓದಬೇಕಾಗಿದ್ದಿತು. ಕೆಲವರು ಬಚ್ಚಿಟ್ಟುಕೊಂಡೇ ಓದಬೇಕಾಗಿದ್ದಿತು. ಅಲ್ಲಿಗೆ ಓದಿಗೂ ಮಾತಿಗೂ ಇದ್ದ ಹಳೆಯ ನಂಟು ಸಡಿಲವಾಯಿತು.

ಇದು ನಮ್ಮ ನಾಡಿನಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿಯೂ ಕಾದಂಬರಿ ಓದುವುದು ಬಹುಕಾಲ ಹಗುರವಾದ ಹವ್ಯಾಸವೆನಿಸಿದ್ದಿತು. ಜೇನ್ ಆಸ್ಟೆನ್ ತನ್ನ ನಾರ್ಥ್ಯಾಂಗರ್ ಅಬ್ಬೆಯಲ್ಲಿ, ಕಾದಂಬರಿಯನ್ನು ಕೈಯಲ್ಲಿ ಹಿಡಿದೂ ಅದನ್ನು ಒಪ್ಪಿಕೊಳ್ಳಲು ನಾಚುವ ತರುಣಿಯ ವಿಷಯವನ್ನೆತ್ತಿ, ಹಾಗೆ ನಾಚುವಂತೆ ಮಾಡಿದ ಸಮಾಜವನ್ನು ಮೆಲ್ಲಗೆ ಚುಚ್ಚಿದ್ದಾಳೆ. ಮುಂದೆ ಡಿಕನ್ಸನ ಪಿಕ್ವಿಕ್ ಪೇಪರ್ಸ್ ೧೮೩೬–೩೭ರಲ್ಲಿ ತಿಂಗಳಿಗೊಂದು ಭಾಗದಂತೆ ಹೊರಟಾಗ, ಆರಂಭದಲ್ಲಿ ಕೆಲವು ನೂರರಷ್ಟಿದ್ದ ಪ್ರತಿಗಳು ಕೊನೆಗೆ ೪೦,೦೦೦ಕ್ಕೆ ಏರಿದುವು. ಒಂದು ಭಾಗಕ್ಕೂ ಮುಂದಿನ ಭಾಗಕ್ಕೂ ನಡುವಣ ತಿಂಗಳೆಲ್ಲ ಜನರಿಗೆ ಮಾತನಾಡುವುದಕ್ಕೆ ಒದಗಿಬಂದಿತು. ದಿ ಓಲ್ಡ್ ಕ್ಯೂರಿಯಾಸಿಟಿ ಷಾಪ್ ನಡೆಯುತ್ತಿದ್ದಾಗ ಪುಟ್ಟ ನೆಲ್ಲಳನ್ನು ಸಾಯಿಸಬೇಡಿರೆಂದು ಓದುಗರು ಗ್ರಂಥಕರ್ತನಿಗೆ ಕಾಗದ ಬರೆದು ಬೇಡಿಕೊಂಡರು. ಮುದ್ರಣಯಂತ್ರವು ಓದುಗರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿತು. ನಿಯತಕಾಲಿಕವು ಅವರನ್ನು ಮತ್ತೆ ಒಂದುಗೂಡಿಸಿತು.

ನಮ್ಮಲ್ಲಿ ಈ ಒಂದುಗೂಡಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ ಗಳಗನಾಥರು ಪ್ರಾತಃಸ್ಮರಣೀಯರು. ಶಾಲೆಯ ಉಪಾಧ್ಯಾಯರಾಗಿದ್ದ ಈ ಮಹನೀಯರು ‘ಸದ್ಬೋಧ ಚಂದ್ರಿಕೆ’ಯ ಮೂಲಕ ಉತ್ತರ ಕರ್ಣಾಟಕದ ಮನೆಮನೆಗೂ ಕಥೆಯನ್ನು ತಲುಪಿಸಿದರು. ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರೆಂಬುದನ್ನು ಹಿರಿಯರು ಗೌರವದಿಂದ ಹೇಳುತ್ತ ಬಂದಿದ್ದಾರೆ. ಬಾಗಿಲಿಗೆ ಬಂದ ಗ್ರಂಥಕರ್ತನಿಗೆ, “ಹೋದ ಸಲ ಕೊಟ್ಟ ಪುಸ್ತಕ ಚೆನ್ನಾಗಿತ್ತು” ಎಂದೋ, “ಕೊನೆ ಹಿಡಿಸಲಿಲ್ಲ” ಎಂದೋ ಮುಖಾಮುಖಿಯಾಗಿ ಹೇಳುವ ಅವಕಾಶ ಅಂದಿನ ಓದುಗರಿಗಿದ್ದಿತು. ಎಂಥ ವಿಮರ್ಶಕನ ಲೇಖನವೂ ಇದಕ್ಕಿಂತ ನೇರವಾಗಿರಲಾರದು.

ಇನ್ನು ನಿಜವಾದ ಮನೋರಮೆಯರ ವಿಷಯ. ೧೮೮೭ರಲ್ಲಿ ಹುಟ್ಟಿದ ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದವರು. ಮನೆಯಲ್ಲಿದ್ದುಕೊಂಡೇ ಓದಿ, ಬರೆದು, ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ಸುಶೀಲೆ ಎಂಬ ಕಾದಂಬರಿಯನ್ನು ಹೊರತಂದರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ಯನ್ನು ದಶಕಗಳ ಕಾಲ ನಡಸಿದರು. ಇವುಗಳನ್ನು ಓದಿದ ಹೆಂಗಸರು ಎಷ್ಟೋ ಮಂದಿ. ಅವರು ಏನು ಯೋಚಿಸಿದರು? ಮಧ್ಯಾಹ್ನದ ಹೊತ್ತು ಅಡಿಗೆಮನೆಯ ಕೆಲಸ ಮುಗಿದ ಮೇಲೆ, ನೆರೆಮನೆಯವರೊಡನೆ ಬತ್ತಿ ಹೊಸೆಯುತ್ತಲೋ ಹೂ ಕಟ್ಟುತ್ತಲೋ, ಸುಶೀಲೆಯ ಸಹನೆಯನ್ನು ಹೊಗಳಿದರೋ, ಇಷ್ಟು ಸಹನೆ ಏತಕ್ಕೆಂದು ಕೇಳಿದರೋ? ಆ ಮಾತುಗಳು ಆಡಿದಲ್ಲಿಯೇ ಕರಗಿಹೋದುವು. ಪಂಡಿತರ ಮುನ್ನುಡಿಗಳು ಉಳಿದಿವೆ, ಪ್ರಾಧ್ಯಾಪಕರ ವಿಮರ್ಶೆಗಳು ಉಳಿದಿವೆ. ಪುಸ್ತಕವನ್ನು ನಿಜವಾಗಿ ಪ್ರೀತಿಸಿ ಸವೆಯಿಸಿದ ಕೈಗಳ ಅಭಿಪ್ರಾಯ ಉಳಿಯಲಿಲ್ಲ. ತಿರುಮಲಾಂಬ ಅವರ ಹೆಸರೂ ಬಹುಕಾಲ ಮರೆಯಲ್ಲಿದ್ದು, ಅವರ ಇಳಿವಯಸ್ಸಿನಲ್ಲಿ, ಮುಖ್ಯವಾಗಿ ಲೇಖಕಿಯರ ಪ್ರಯತ್ನದಿಂದ, ಮತ್ತೆ ಬೆಳಕಿಗೆ ಬಂದಿತು. ಅವರು ೧೯೮೨ರಲ್ಲಿ ತೀರಿಕೊಂಡರು. ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರ ಕಾದಂಬರಿಗಳು ಹೊರಬಂದ ಕಾಲಕ್ಕೆ ಓದುವ ಹೆಂಗಸರ ಸಂಖ್ಯೆಯೂ ಅವರ ಧೈರ್ಯವೂ ಬೆಳೆದಿದ್ದುವು. ಆದರೆ ಆ ಮೊದಲ ತಲೆಮಾರಿನ ಮೌನವನ್ನು ಈಗ ತುಂಬಿಕೊಡಬಲ್ಲವರು ಯಾರೂ ಇಲ್ಲ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇದೊಂದು ದೊಡ್ಡ ನಷ್ಟ.

ಇದೇ ಅವಧಿಯಲ್ಲಿ ವಿದ್ಯಾವಂತ ಗಂಡಸರ ಅಭಿಪ್ರಾಯಕ್ಕೆ ವೇದಿಕೆಗಳು ಒಂದೊಂದಾಗಿ ಸಿದ್ಧವಾದುವು. ಧಾರವಾಡದಲ್ಲಿ ೧೮೯೦ರಲ್ಲಿ ವಿದ್ಯಾವರ್ಧಕ ಸಂಘ, ಬೆಂಗಳೂರಿನಲ್ಲಿ ೧೯೧೫ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದುವು. ೧೯೧೯ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ‘ಪ್ರಬುದ್ಧ ಕರ್ಣಾಟಕ’ ತಲೆಯೆತ್ತಿತು. ೧೯೩೩ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಧಾರವಾಡದಲ್ಲಿ ಆರಂಭವಾಯಿತು. ಅದೇ ವರ್ಷ ಶಿವರಾಮ ಕಾರಂತರ ಚೋಮನ ದುಡಿ, ೧೯೩೬ರಲ್ಲಿ ಕುವೆಂಪು ಅವರ ಕಾನೂರು ಹೆಗ್ಗಡಿತಿ ಹೊರಬಂದುವು. ಹತ್ತು ವರ್ಷ ಕಳೆಯುವುದರೊಳಗೆ ಕಾದಂಬರಿಯು ಹಗುರವಾದ ಓದೆಂಬ ಮಾತು ತನ್ನಷ್ಟಕ್ಕೆ ತಾನೇ ಬಿದ್ದುಹೋಯಿತು. ೧೯೪೦ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದ ಪ್ರಗತಿಶೀಲರು, ಸಾಹಿತ್ಯವಿರುವುದು ಆನಂದಕ್ಕೋ ಸಮಾಜದ ಹಿತಕ್ಕೋ ಎಂಬ ಪ್ರಶ್ನೆಯನ್ನು ಸಭೆಗಳಿಗೆ ತಂದರು. ಇದೆಲ್ಲವೂ ಸಂತೋಷದ ವಿಷಯವೇ. ಆದರೆ ಇದರಿಂದ ಒಂದು ಕೆಡುಕೂ ಉಂಟಾಯಿತು. ಅದೇನೆಂದರೆ, ಅಭಿಪ್ರಾಯವನ್ನು ಹೇಳುವುದು ಬಲ್ಲವರ ಕೆಲಸ, ಓದುವುದು ಮಾತ್ರ ತಮ್ಮ ಕೆಲಸವೆಂದು ಸಾಮಾನ್ಯ ಓದುಗರು ಭಾವಿಸಿಕೊಂಡರು. ಜಗಲಿಯ ಮೇಲೆ ಕರ್ಣನ ಪರವಾಗಿ ವಾದಿಸುತ್ತಿದ್ದವನ ಮೊಮ್ಮಗನು, ಕಾದಂಬರಿಯ ಮಾತು ಬಂದರೆ, “ನಮಗೇನು ತಿಳಿಯುತ್ತದೆ?” ಎಂದು ಹಿಂಜರಿಯುವಂತಾಯಿತು.

ಈ ಕೆಡುಕಿನಲ್ಲಿ ನಮ್ಮ ಪಾಲೂ ಇರುವುದನ್ನು ನಾವು ಒಪ್ಪಿಕೊಳ್ಳಬೇಕು. ಒಮ್ಮೆ ತರಗತಿಯಲ್ಲಿ ಚೋಮನ ದುಡಿಯನ್ನು ಕುರಿತು ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿದೆವು. ವಸ್ತು, ಪಾತ್ರ, ಸನ್ನಿವೇಶ ಎಂದು ಎಲ್ಲರೂ ನಾವು ಬರೆಯಿಸಿದ ಟಿಪ್ಪಣಿಯನ್ನೇ ನಮಗೆ ಒಪ್ಪಿಸಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹಳ್ಳಿಯ ಹುಡುಗನು ಮಾತ್ರ ಎದ್ದುನಿಂತು, ಬಹಳ ಹೊತ್ತು ಸುಮ್ಮನಿದ್ದು, “ಸಾರ್, ಎತ್ತು ಇದ್ದೂ ಉಳುವುದಕ್ಕೆ ಸ್ವಂತ ನೆಲವಿಲ್ಲದ ಮನೆಯಲ್ಲಿ, ಸಾಯಂಕಾಲ ಎತ್ತಿಗೆ ಹುಲ್ಲು ಹಾಕುವ ಹೊತ್ತು ಬಹಳ ಕಷ್ಟದ್ದು. ನಮ್ಮಪ್ಪ ಆಗ ಯಾರೊಡನೆಯೂ ಮಾತನಾಡುತ್ತಿರಲಿಲ್ಲ” ಎಂದು ಹೇಳಿ ಕುಳಿತುಬಿಟ್ಟನು. ಆ ಪುಸ್ತಕವನ್ನು ನಾವು ಹಲವು ವರ್ಷ ಪಾಠ ಹೇಳಿದ್ದೆವು. ತಾನು ಸಾಕಿದ ಎತ್ತುಗಳನ್ನು ಚೋಮನು ಯಾವ ಕಣ್ಣಿನಿಂದ ನೋಡುತ್ತಿದ್ದನೆಂಬುದು ನಮಗೆ ಗೋಚರಿಸಿದುದು ಅಂದೇ. ನಮ್ಮ ಟಿಪ್ಪಣಿಯನ್ನು ಆ ಬಳಿಕ ನಾವು ಬರೆಯಿಸಲಿಲ್ಲ.

ಒಳ್ಳೆಯ ಅಭಿಪ್ರಾಯವೆಂದರೆ ಇಷ್ಟೇ. ಅದಕ್ಕೆ ಅಲಂಕಾರಶಾಸ್ತ್ರದ ಜ್ಞಾನವಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೊರತೆಯಿಲ್ಲ. ನಮ್ಮ ಪ್ರಾಚೀನರು ಒಳ್ಳೆಯ ಓದುಗನನ್ನು ಪಂಡಿತನೆಂದು ಕರೆಯದೆ ಸಹೃದಯನೆಂದು ಕರೆದರು. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನು ಎಂಬುದು ಅದರ ಭಾವ. ಪುಸ್ತಕವು ತನ್ನ ಬಾಳನ್ನು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟದೆ ಜಾರಿಹೋಯಿತು ಎಂಬುದನ್ನು ಓದುಗನು ಪ್ರಾಮಾಣಿಕವಾಗಿ ಹೇಳಬಲ್ಲವನಾದರೆ ಅವನ ಮಾತಿಗೆ ಬೆಲೆಯುಂಟು. ಅರ್ಧ ಓದಿದವನು ಅರ್ಧ ಓದಿದೆನೆಂದೇ ಹೇಳಲಿ. ಬೇಸರವಾದವನು ಬೇಸರವಾಯಿತೆಂದೇ ಹೇಳಲಿ. ಇತರರ ಮೆಚ್ಚಿಕೆಯನ್ನು ಎರವಲು ತಂದು ತನ್ನದೆಂದು ತೋರಿಸುವುದು ಮಾತ್ರ ಬೇಡ.

೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ನಡಸಿದಾಗ, ಅಗಲಿಹೋಗಿದ್ದ ಓದೂ ಕೇಳ್ಮೆಯೂ ಮತ್ತೆ ಕೂಡಿದುವು. ಆದರೆ ಈ ಹೊಸ ಜಗಲಿಗೆ ಒಂದು ಕೊರತೆಯುಂಟು. ಇಲ್ಲಿ ನಾವು ಮಾತನಾಡುತ್ತೇವೆ, ನೀವು ಕೇಳುತ್ತೀರಿ. “ಅದು ಹಾಗಲ್ಲ” ಎಂದು ನೀವು ನಡುವೆ ತಡೆಯುವುದು ನಮಗೆ ಕೇಳಿಸುವುದಿಲ್ಲ. ಆದಕಾರಣ ಆ ಮಾತನ್ನು ನಿಮ್ಮ ಮನೆಯಲ್ಲಿಯೇ ಆಡಬೇಕೆಂದು ಬೇಡುತ್ತೇವೆ. ಈ ರಾತ್ರಿ ಊಟಕ್ಕೆ ಕುಳಿತಾಗ, ಓದುತ್ತಿರುವ ಪುಸ್ತಕದ ಹೆಸರನ್ನು ಹೇಳಿ, ಹೇಗಿದೆಯೆಂಬುದನ್ನೂ ಹೇಳಿರಿ. ಬಡಿಸುತ್ತಿರುವವರು ಏನು ಓದುತ್ತಿದ್ದಾರೆಂಬುದನ್ನು ಮಾತ್ರ ಕೇಳಲು ಮರೆಯಬೇಡಿರಿ.