ಗ್ರಾಂಟ್ ರೋಡಿನಲ್ಲಿ ಟಿಕೆಟಿನ ಆಟ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ‘ಪಿಲಾ ಹೌಸ್’ ಎಂಬ ಜಾಗವಿದೆ. ಹಿಂದಿ ಬಲ್ಲವರು ಅಲ್ಲೊಂದು ಹಳದಿ ಮನೆ ಇದ್ದಿರಬೇಕು ಎಂದುಕೊಳ್ಳಬಹುದು. ಅದು ‘ಪ್ಲೇ ಹೌಸ್’ ಎಂಬ ಮಾತು ಜನರ ಬಾಯಲ್ಲಿ ಸವೆದು ಆದ ರೂಪ. ನಾಟಕಶಾಲೆಗಳು ಹೋಗಿ ಸಿನಿಮಾ ಟಾಕೀಸುಗಳು ಬಂದ ಮೇಲೂ ಹೆಸರು ಉಳಿಯಿತು.

ಈ ನಗರದಲ್ಲಿ ಸ್ವತಂತ್ರ ಕಲಾವಿದ ಎಂದರೆ ಇಂದು ನೆನಪಾಗುವವರು ಹಿಪ್ ಹಾಪ್ ಹುಡುಗರು. ಕುರ್ಲಾದ ನೇಝಿ 2014ರಲ್ಲಿ ಐಪ್ಯಾಡ್ ಒಂದರಲ್ಲೇ ‘ಆಫತ್’ ಹಾಡನ್ನು ಧ್ವನಿಮುದ್ರಿಸಿ, ಅದರಲ್ಲೇ ಚಿತ್ರೀಕರಿಸಿ ಯೂಟ್ಯೂಬಿಗೆ ಬಿಟ್ಟ. ಬೇರೆಯವರ ಸಂಗೀತದ ತುಣುಕನ್ನು ಎತ್ತಿ ಹೊಸದಕ್ಕೆ ಹೊಲಿಯುವುದು, ತಾಳ ನಡೆಯುತ್ತಿರುವಾಗಲೇ ಆಶುವಾಗಿ ಮಾತು ಕಟ್ಟುವುದು ಹಿಪ್ ಹಾಪಿನ ಹಳೆಯ ವಿದ್ಯೆಗಳು. ಇಂಥವೇ ಎರಡು ವಿದ್ಯೆಗಳನ್ನು ನೆಚ್ಚಿಕೊಂಡು, ಒಡೆಯನ ಆಶ್ರಯವಿಲ್ಲದೆ ಗ್ರಾಂಟ್ ರೋಡಿನಲ್ಲಿ ಆಟ ಆಡಿಸಿದವರೊಬ್ಬರು 1853ರಲ್ಲೇ ಇದ್ದರು. ಅವರ ಬಂಡವಾಳದಲ್ಲಿ ಒಂದು ಪಾಲು ಹೊನ್ನಾವರದ ಕಡೆಯದು.

1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗ್ಲಿಯಲ್ಲಿ ಆಟ ಆಡಿತು. ಅದನ್ನು ಕಂಡ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ಸಾಂಗ್ಲಿಯಲ್ಲಿ ರಂಗಕ್ಕೆ ಬಂತು. ಆ ದಿನವನ್ನು ಮಹಾರಾಷ್ಟ್ರ ಈಗಲೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ.

ಯಕ್ಷಗಾನ ಕಂಡವರಿಗೆ ಭಾವೆಯವರ ಆಟದ ಕಟ್ಟು ಅಪರಿಚಿತವಲ್ಲ. ಮೊದಲು ಗಣಪತಿ, ಆಮೇಲೆ ಸರಸ್ವತಿ, ಜೊತೆಗೆ ವಿದೂಷಕನ ಚೇಷ್ಟೆ. ಪದ್ಯಗಳನ್ನು ಹಾಡುವವನು ಸೂತ್ರಧಾರ, ನಮ್ಮ ಭಾಗವತರ ಹಾಗೆ. ಬರೆದಿಟ್ಟದ್ದು ಪದ್ಯ ಮಾತ್ರ. ನಡುವಿನ ಮಾತನ್ನು ಪಾತ್ರಧಾರಿಗಳೇ ನಿಂತಲ್ಲೇ ಹುಟ್ಟಿಸಬೇಕು. ಕರಾವಳಿಯವರು ಇದನ್ನು ಅರ್ಥಗಾರಿಕೆ ಎನ್ನುತ್ತಾರೆ, ರ‍್ಯಾಪರುಗಳು ಫ್ರೀಸ್ಟೈಲ್ ಎನ್ನುತ್ತಾರೆ. ಹಾಗೆಂದು ಭಾವೆ ಇದ್ದದ್ದನ್ನು ಇದ್ದಂತೆ ಎತ್ತಿಟ್ಟವರಲ್ಲ. ಮರಾಠಿ ಕೀರ್ತನದ ಧಾಟಿಯನ್ನು ಅದರೊಳಗೆ ಬೆರೆಸಿ, ತಮ್ಮ ಊರಿನವರ ಕಿವಿಗೆ ಒಗ್ಗುವ ಹೊಸ ಆಟವನ್ನೇ ಮಾಡಿದರು.

1851ರಲ್ಲಿ ಅರಸರು ತೀರಿಕೊಂಡರು. ಅರಮನೆಯ ಆಸರೆ ತಪ್ಪಿತು. ಮೇಳ ಮುರಿಯಬೇಕು, ಇಲ್ಲವೇ ಊರೂರು ಅಲೆಯಬೇಕು. ಭಾವೆ ಹೊರಟರು.

ಗ್ರಾಂಟ್ ರೋಡ್ ಥಿಯೇಟರ್ ಶುರುವಾದದ್ದು 1846ರಲ್ಲಿ, ಜಗನ್ನಾಥ ಶಂಕರಶೇಟರು ಕೊಟ್ಟ ಜಾಗದಲ್ಲಿ. ಆಗ ಅದು ಊರಾಚೆಯ ಪ್ರದೇಶ. ಇಂಗ್ಲಿಷ್ ನಾಟಕಗಳಿಗೆಂದು ಕಟ್ಟಿದ ಆ ರಂಗಮಂದಿರ ಕೋಟೆಯ ಕಡೆಯ ಸಾಹೇಬರಿಗೆ ದೂರವಾಯಿತು, ಸುತ್ತಮುತ್ತಲ ದೇಶೀ ಜನರಿಗೆ ಹತ್ತಿರವಾಯಿತು. 1853ರಲ್ಲಿ ಭಾವೆಯವರ ಮಂಡಳಿ ಅಲ್ಲಿ ಆಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾರ್ಸಿಗಳೂ ಅದೇ ರಂಗದ ಮೇಲೆ ರುಸ್ತುಂ–ಸೊಹ್ರಾಬರ ಕಥೆ ಆಡಿದರು.

ಸಾಂಗ್ಲಿಯಲ್ಲಿ ಒಬ್ಬ ಅರಸನನ್ನು ಮೆಚ್ಚಿಸಿದರೆ ಸಾಕಿತ್ತು. ಇಲ್ಲಿ ಗುಜರಾತಿ, ಕೊಂಕಣಿ, ಹಿಂದೂಸ್ತಾನಿ ಮಾತಿನವರೆಲ್ಲ ಇದ್ದರು, ದುಡ್ಡು ಕೊಟ್ಟು ಒಳಗೆ ಬರಬೇಕಾದವರು ಅವರೇ. 1854ರ ನವೆಂಬರಿನಲ್ಲಿ ಭಾವೆ ‘ರಾಜಾ ಗೋಪೀಚಂದ್’ ಆಟವನ್ನು ಹಿಂದಿಯಲ್ಲೇ ಆಡಿಸಿದರು. ಅರಸನಿಗಾಗಿ ಕನ್ನಡದ ಆಟ ಮರಾಠಿಯಾಗಿತ್ತು. ಪೇಟೆಗಾಗಿ ಮರಾಠಿಯ ಆಟ ಹಿಂದಿಯಾಯಿತು. ಸ್ವತಂತ್ರನಾದ ಕಲಾವಿದನಿಗೆ ಒಬ್ಬ ಒಡೆಯನ ಜಾಗದಲ್ಲಿ ನೂರಾರು ಒಡೆಯರು ಬಂದಿದ್ದರು.

ಗೆದ್ದ ಮಾದರಿಯನ್ನು ಬೇರೆ ಮಂಡಳಿಗಳೂ ಹಿಡಿದವು. 1860ರ ದಶಕದ ಆರಂಭಕ್ಕೆ ಭಾವೆ ನಾಟಕದ ಉದ್ಯೋಗ ಬಿಟ್ಟಿದ್ದರು. 1885ರಲ್ಲಿ ಅವರ ‘ನಾಟ್ಯಕವಿತಾಸಂಗ್ರಹ’ ಅಚ್ಚಾಯಿತು. ಅದರಲ್ಲಿ ಉಳಿದದ್ದು ಪದ್ಯಗಳು. ರಾತ್ರಿ ರಾತ್ರಿ ಹುಟ್ಟಿದ ಮಾತುಗಳು ಆಯಾ ರಾತ್ರಿಗೇ ಮುಗಿದಿದ್ದವು. ಭಾವೆ 1901ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಆಟ ತವರಿಗೂ ಒಂದು ಸುತ್ತು ಬಂದಿತ್ತು. ಮರಾಠಿ ಮಂಡಳಿಗಳು ಉತ್ತರ ಕರ್ನಾಟಕದ ಊರುಗಳಲ್ಲಿ ಮೆರೆಯುತ್ತಿದ್ದದ್ದನ್ನು ಕಂಡು ಕೆರಳಿದ ಶಾಂತಕವಿ 1870ರ ದಶಕದಲ್ಲಿ ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಕರ್ಕಿಯಿಂದ ಹೋದದ್ದು ಮರಾಠಿಯಾಗಿ ಮರಳಿ, ಕನ್ನಡವನ್ನು ಕೆಣಕಿ ಎಬ್ಬಿಸಿತು.

ಮರಾಠಿ ರಂಗಭೂಮಿ ನಮ್ಮ ಯಕ್ಷಗಾನದ ಕೂಸು ಎಂದು ಕನ್ನಡಿಗರು ಹೆಮ್ಮೆಯಿಂದ ಹೇಳುವುದುಂಟು. ಅದು ಅರ್ಧ ನಿಜ. ಬೀಜ ಹೋದದ್ದು ಇಲ್ಲಿಂದ, ಬೆಳೆ ತೆಗೆದದ್ದು ಭಾವೆ. 1991ರಲ್ಲಿ ನ್ಯೂಯಾರ್ಕಿನ ಕೋರ್ಟೊಂದು ಬಿಜ್ ಮಾರ್ಕಿ ಎಂಬ ರ‍್ಯಾಪರ್ ಬೇರೆಯವರ ಹಾಡಿನ ತುಣುಕು ಬಳಸಿದ್ದರ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಂದಾಚೆ ತುಣುಕು ಎತ್ತುವ ಮುನ್ನ ಮೂಲದವರ ಒಪ್ಪಿಗೆ ಪಡೆಯುವುದು ಆ ಉದ್ಯಮದ ರೂಢಿಯಾಯಿತು. ಕರ್ಕಿಯವರಿಗೆ ಅಂಥ ಕೋರ್ಟಿರಲಿಲ್ಲ. ಅವರೂ ರಾಮಾಯಣವನ್ನು ಯಾರನ್ನೋ ಕೇಳಿ ತಂದವರಲ್ಲ. ಹಾಗಾಗಿ ಇಲ್ಲಿರುವುದು ಕಳವಿನ ಲೆಕ್ಕವಲ್ಲ, ನೆನಪಿನ ಲೆಕ್ಕ.

ನವಿ ಮುಂಬಯಿಯ ವಾಶಿಯಲ್ಲಿ ಭಾವೆಯವರ ಹೆಸರಿನ ನಾಟ್ಯಗೃಹವಿದೆ. ಕರ್ಕಿಯ ಮೇಳಕ್ಕೆ ಸಿಕ್ಕಿರುವುದು ರಂಗ ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ಸಾಲು. ನವೆಂಬರ್ 5 ಬಂದಾಗ ಆ ಸಾಲನ್ನೂ ಒಮ್ಮೆ ಓದಬಹುದು.