ಹುಳುವೋ, ಹುಳಿಯೋ, ನೀರೋ?

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಸೂರಿನ ಮೇಲೆಸೆಯುವುದನ್ನು ನಮ್ಮ ಕೊರಟಗೆರೆಯ ಕಡೆ ಬಲ್ಲದವರಿಲ್ಲ. ಆರನೆಯ ವಯಸ್ಸಿನಿಂದ ಹನ್ನೆರಡರೊಳಗೆ ಇಪ್ಪತ್ತು ಹಾಲುಹಲ್ಲುಗಳೂ ಬಿದ್ದುಹೋಗುವುದು ಪ್ರಕೃತಿಧರ್ಮ. ಅದಕ್ಕಾಗಿ ಅಂಜಬೇಕಾದುದಿಲ್ಲ. ಅಂಜಬೇಕಾದುದು ಕಾಲಕ್ಕೆ ಮುನ್ನವೇ ಕೆಡುವ ಹಲ್ಲಿಗೆ, ಬಿದ್ದರೆ ಮತ್ತೆ ಬಾರದ ಹಲ್ಲಿಗೆ. ಅದರ ಕಾರಣವನ್ನು ಮನುಷ್ಯನು ಅರಸಿದ ಬಗೆಯೇ ಒಂದು ಸಣ್ಣ ಚರಿತ್ರೆ.

‘ಹುಳುಕು’ ಎಂಬ ನಮ್ಮ ಮಾತಿನಲ್ಲಿಯೇ ಹುಳು ಅಡಗಿದೆ. ಸುಶ್ರುತಸಂಹಿತೆಯು ಈ ರೋಗವನ್ನು ‘ಕೃಮಿದಂತಕ’ವೆಂದು ಕರೆಯಿತು. ಪ್ರಾಚೀನ ಬಾಬಿಲೋನಿಯದವರೂ ಹುಳುವನ್ನೇ ದೂರಿದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಷಾರನು ಈ ನಂಬಿಕೆಯನ್ನು ಅಲ್ಲಗಳೆದು, ಸಕ್ಕರೆಯತ್ತ ಬೆರಳು ತೋರಿಸಿದನು. 1890ರಲ್ಲಿ ಬರ್ಲಿನ್ನಿನಲ್ಲಿದ್ದ ಮಿಲ್ಲರನು ಗುಟ್ಟನ್ನು ಬಿಡಿಸಿದನು: ಬಾಯೊಳಗಿನ ಸೂಕ್ಷ್ಮಜೀವಿಗಳು ಸಿಹಿಯನ್ನೂ ಹಿಟ್ಟಿನ ಅಂಶವನ್ನೂ ಹುಳಿಯಾಗಿಸುತ್ತವೆ; ಆ ಹುಳಿ ಹಲ್ಲನ್ನು ಕೊರೆಯುತ್ತದೆ. ತಿಂದದ್ದು ಹುಳುವಲ್ಲ, ಹುಳಿ!

ಆದರೆ ಉಜ್ಜಿದರೂ ಹೋಗದ ಇನ್ನೊಂದು ಕೇಡುಂಟು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಹೋದ ಮೆಕೇ ಎಂಬ ದಂತವೈದ್ಯನು ಅಲ್ಲಿಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡನು. ಅದರ ಕಾರಣ ನೀರಿನಲ್ಲಿಯ ಫ್ಲೋರೈಡ್ ಎಂಬುದು ತಿಳಿಯಲು 1931 ಬರಬೇಕಾಯಿತು. 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಇದೇ ನೀರು ಎಲುಬನ್ನೂ ಕೆಡಿಸುವುದನ್ನು ವೈದ್ಯರು ವರದಿಮಾಡಿದರು. ನಮ್ಮ ನೆರೆಯ ಪಾವಗಡದ ಕೊಳವೆ ಬಾವಿಗಳಲ್ಲಿಯೂ ಫ್ಲೋರೈಡ್ ಮಿತಿಮೀರಿರುವುದು ಈಗ ಎಲ್ಲರೂ ಬಲ್ಲ ಸಂಗತಿ. ಕಗ್ಗಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಅದು ಕಲ್ಲಿನಿಂದಲೇ ಇಳಿದು ಸೇರುತ್ತದೆ.

ಸುಮಾರು ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ಕುಡಿದ ನೀರಿನ ದೋಷ, ಹಲ್ಲು ಮೂಡಿದ ಮೇಲೆ ಹಳದಿ, ಕಂದು ಪಟ್ಟೆಗಳಾಗಿ ತೋರುತ್ತದೆ. ದೋಷ ಹೆಚ್ಚಾದರೆ ಹಲ್ಲಿನ ಮೇಲ್ಪದರದಲ್ಲಿ ಕುಳಿ ಬಿದ್ದು, ಚಕ್ಕೆಯೆದ್ದು, ಹಲ್ಲು ಸವೆಯುತ್ತದೆ.

ಇದನ್ನು ಅರಿಯದೆ ನಾನೊಂದು ತಪ್ಪು ಮಾಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಾವಗಡದ ಕಡೆಯಿಂದ ಬಂದ ಹುಡುಗನೊಬ್ಬನನ್ನು ‘ಹಲ್ಲುಜ್ಜದ ಸೋಮಾರಿ’ಯೆಂದು ತರಗತಿಯಲ್ಲಿ ಎಲ್ಲರೆದುರಿಗೆ ನಿಲ್ಲಿಸಿದೆ. ಮರುದಿನ ಅವನು ಇದ್ದಿಲಿನಿಂದ ತಿಕ್ಕಿ ತಿಕ್ಕಿ, ಒಸಡಿನಲ್ಲಿ ರಕ್ತ ಬರಿಸಿಕೊಂಡು ಬಂದಿದ್ದ. ಕಲೆ ಮಾತ್ರ ಹಾಗೆಯೇ ಇತ್ತು. ಆಮೇಲೆ ಅವನು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕಾಣಲಿಲ್ಲ.

ಓದುಗರೇ, ಸಿಹಿ ತಿಂದ ಮಗುವಿಗೆ ಬಾಯಿ ಮುಕ್ಕಳಿಸಲು ಹೇಳಿ, ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿಸಿ. ಹುಳಿಯ ಕೇಡಿಗೆ ಅದು ಮದ್ದು. ನೀರಿನ ಕೇಡಿಗೆ ಮದ್ದು ಬೇರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಗಟ್ಟಿಯಾಗುತ್ತದೆ. ಊರ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಎಳೆಯ ಮಕ್ಕಳಿಗೆ ಆ ನೀರು ಬೇಡ. ಶುದ್ಧೀಕರಿಸಿದ ನೀರನ್ನೋ ಶುಚಿಯಾಗಿ ಹಿಡಿದ ಮಳೆಯ ನೀರನ್ನೋ ಕೊಡಿ. ಮಗುವನ್ನು ಗದರಿಸುವ ಮೊದಲು ಅದು ಕುಡಿದ ನೀರನ್ನು ವಿಚಾರಿಸುವುದು ಹಿರಿಯರ ಧರ್ಮ.